ಮಕ್ಕಳ ಮನೆಗೊಂದು ನಾಯಿ

೮ ಫೆಬ್ರುವರಿ ೧೯೯೮, ಭಾನುವಾರ

ಈ ಮನೆಯಲ್ಲಿ ನನ್ನನ್ನು ಕೇಳದೆಯೇ ಎಲ್ಲ ತೀರ್ಮಾನವಾಗುತ್ತದೆ. ಇವತ್ತು ಮಧ್ಯಾಹ್ನ ಸೊಸೆ ಪವಿತ್ರಾ, ಇನ್ನೊಂದು ಸೌಟು ಸಾರು ಬಿಡಲೇ ಎಂದು ಕೇಳುವ ದನಿಯಲ್ಲೇ, "ಮಾವ, ಜೂನ್‌ನಿಂದ ಪುಟ್ಟೀನ ಮಿರ್ಲೇಲಿ ನಮ್ಮವ್ವನ ತಾವು ಬುಡ್ತೀವಿ. ಅಲ್ಲಿ ಮನೆ ಗೋಡೆಗೆ ಅಂಟ್ಕಂಡಂಗೆ ಇಸ್ಕೂಲು. ರಸ್ತೆ ತುಳಿಯಂಗೇ ಇಲ್ಲ" ಎಂದಳು. ನಾನು ಮಗನ ಮುಖ ನೋಡಿದೆ. ಚಲುವರಾಜು ಲಾರಿ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವವನು. ಆ ನಾಲ್ಕರಲ್ಲಿ ಒಂದು ದಿನವಾದರೂ ಅಪ್ಪನ ಕಡೆಗೆ ಮಾತಾಡಬಾರದೆ? ಮುದ್ದೆ ನುಂಗುತ್ತ ತಲೆ ಎತ್ತಲಿಲ್ಲ. ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದಾರೆ.

ಪುಟ್ಟಿಗೆ ಆರು ವರ್ಷ. ದೀಪಾವಳಿ ಮುಗಿದ ವಾರ ನಮ್ಮ ಅಂಗಡಿಯ ಎದುರಿಗೇ ಬೀದಿನಾಯಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿದ್ದಾಯಿತು. ಗಾಯ ಮಾಗಿತು. ಮಗು ಮಾತ್ರ ಅಂದಿನಿಂದ ಹೊಸಿಲು ದಾಟಿಲ್ಲ. ರಸ್ತೆಯಲ್ಲಿ ನಾಯಿ ಬೊಗಳಿದರೆ ಅಂಗಡಿಯ ಗೋಣಿಚೀಲದ ಅಟ್ಟಿಯ ಹಿಂದೆ ಹೋಗಿ ಕೂರುತ್ತಾಳೆ. ಶಾಲೆ ನಿಂತು ಮೂರು ತಿಂಗಳಾಯಿತು.

ತಪ್ಪು ಯಾರದು? ಕರುಳು, ಕಾಲು ದಾರಿಗೆ ಎಸೆಯುವ ಕೋಳಿ ಅಂಗಡಿಯವನದು. ಎದುರು ಬದಿಯ ಟೈಲರ್ ಮಹದೇವಪ್ಪನದು. ದಿನಾ ಚಹಾ ಜೊತೆ ತಿನ್ನುವ ಬನ್ನಿನಲ್ಲಿ ಅರ್ಧ ಮುರಿದು ಹಾಕಿ ಆ ನಾಯಿಯನ್ನು ನಮ್ಮ ಬೀದಿಗೆ ಖಾಯಂ ಮಾಡಿದವನು ಅವನೇ. ಹೇಗೆ ಹಂಚಿ ನೋಡಿದರೂ ತಪ್ಪು ಪೂರ್ತಿ ಇವರಿಬ್ಬರ ಪಾಲಿಗೆ ಹೋಗುತ್ತದೆ. ಆದರೆ ಮಗುವನ್ನು ಕಳೆದುಕೊಳ್ಳುವವನು ನಾನು. ಇದು ಯಾವ ಊರಿನ ನ್ಯಾಯ?

ಕುರಿ ಕಾಯುವುದು ಬಿಟ್ಟು ಹುಣಸೂರಿಗೆ ಬಂದು, ತಲೆಯ ಮೇಲೆ ಹಳೇ ಚೀಲ ಹೊತ್ತು ಮಾರಿ, ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಚೀಲ, ಹುರಿ, ಟಾರ್ಪಾಲು ಒದಗಿಸುವ ಅಂಗಡಿ ಕಟ್ಟಿದವನು ನಾನು. ಮುಂದೆ ಅಂಗಡಿ, ಹಿಂದೆ ಮನೆ. ಮೊಮ್ಮಗಳು ಬೀಗರ ಮನೆಯಲ್ಲಿ ಬೆಳೆಯಲಿ ಅಂತ ಕಟ್ಟಲಿಲ್ಲ.

೧೨ ಫೆಬ್ರುವರಿ, ಗುರುವಾರ

ಹಸುವಿಗೆ ಜ್ವರವೆಂದು ದನದ ಡಾಕ್ಟರಿಗೆ ಹೇಳಿ ಕಳಿಸಿದ್ದೆ. ಬಂದವರು ರುಕ್ಮಿಣಮ್ಮ ಎಂಬ ಹೆಣ್ಣುಮಗಳು. ಹಸುವನ್ನು ಐದು ನಿಮಿಷ ನೋಡಿ, ನಮ್ಮ ಮನೆಯವರನ್ನು ಅರ್ಧ ಗಂಟೆ ನೋಡಿದರು. ಚೀಲದ ಅಟ್ಟಿಯ ಹಿಂದಿನಿಂದ ಪುಟ್ಟಿ ಇಣುಕಿದ್ದೇ ತಡ, ಪವಿತ್ರಾ ಕಥೆಯೆಲ್ಲ ಬಿಚ್ಚಿದಳು. ಹಸುವಿನ ಡಾಕ್ಟರಿಗೆ ಮಗುವಿನ ಕಥೆ ಯಾಕೆ?

"ಮನೇಲೊಂದು ನಾಯಿಮರಿ ಸಾಕಿ ಯಜಮಾನ್ರೇ. ಕೈಯಲ್ಲಿ ಬೆಳೆಸಿದ ನಾಯಿ ಇದ್ರೆ ಭಯ ತಾನಾಗೇ ಇಳಿಯುತ್ತೆ" ಎಂದರು.

"ಚೇಳು ಕುಟುಕಿದೋರಿಗೆ ಚೇಳು ಸಾಕ್ಕಳಿ ಅಂತೀರಾ ಡಾಕ್ಟ್ರಮ್ಮ?"

ನಕ್ಕರು. "ಯಾವ ನಾಯಿ ಅನ್ನೋದ್ರಲ್ಲಿದೆ. ಮಕ್ಕಳಿರೋ ಮನೆ, ಆತುರ ಮಾಡ್ಬೇಡಿ. ಮರಿ ನೋಡೋಕ್ ಮುಂಚೆ ತಾಯಿನಾಯಿ ಮಕ್ಕಳ ಹತ್ರ ಹೇಗಿರುತ್ತೆ ನೋಡಿ. ಲ್ಯಾಬ್ರಡಾರ್ ಆದ್ರೆ ಒಳ್ಳೇದು, ಸಾಧು ಜಾತಿ. ಮಗೂನ ಜೊತೇಲಿ ಕರ್ಕೊಂಡ್ ಹೋಗಿ ಆರಿಸಿ."

ನನಗೆ! ನಾಯಿ ಆರಿಸುವುದನ್ನು ನನಗೆ ಹೇಳಿಕೊಡುವುದು! ನಮ್ಮಪ್ಪನ ಮಂದೆಯಲ್ಲಿ ಇನ್ನೂರು ಕುರಿಗೆ ಮೂರು ನಾಯಿ, ಮೂರೂ ತೋಳದ ಮುಖ ನೋಡಿ ತಿರುಗಿ ಬಂದಂಥವು. ಅವುಗಳ ಹಲ್ಲು, ಉಗುರು ಎಣಿಸಿ ಬೆಳೆದವನು ನಾನು. ಕಾಲೇಜಿನಲ್ಲಿ ಪುಸ್ತಕ ಓದಿ ಬಂದವರು ನನಗೆ ಸಾಧು ಜಾತಿ ಯಾವುದೆಂದು ಹೇಳುತ್ತಾರೆ.

ಆದರೂ ಪವಿತ್ರಾಳಿಂದ ಒಂದು ಮಾತು ತೆಗೆದುಕೊಂಡೆ. ಜೂನ್ ಒಂದರಂದು ಪುಟ್ಟಿ ತನ್ನ ಕಾಲ ಮೇಲೆ ರಸ್ತೆಯಲ್ಲಿ ನಡೆದು ಶಾಲೆಗೆ ಹೋದರೆ ಮಿರ್ಲೆಯ ಮಾತಿಲ್ಲ. ಹೋಗದಿದ್ದರೆ ನಾನು ಬಾಯಿ ತೆರೆಯಬಾರದು. ಒಪ್ಪಿದ್ದೇನೆ. ನಾಯಿ ತರುವ ಕೆಲಸ ನನ್ನದು.

೨೨ ಫೆಬ್ರುವರಿ, ಭಾನುವಾರ

ಹತ್ತು ದಿನ ತಿರುಗಿ ನೋಡಿದ್ದನ್ನು ಬರೆದಿಡುತ್ತೇನೆ. ಮರೆತರೆ ಮೋಸ ಹೋಗುತ್ತೇವೆ.

ಕೃಷ್ಣರಾಜನಗರದ ಅಕ್ಕಿ ಗಿರಣಿ ಮಾಲೀಕರ ಪಮೇರಿಯನ್. ಬಿಳೀ ಹತ್ತಿಯ ಉಂಡೆ. ನೋಡಲು ಚೆಂದ, ಬಾಯಿ ಮಾತ್ರ ಗಿರಣಿಯ ಹಾಗೆ, ಕರೆಂಟು ಹೋಗುವ ತನಕ ನಿಲ್ಲುವುದಿಲ್ಲ. ಅವರ ಮಗು ತಟ್ಟೆಯ ಹತ್ತಿರ ಕೈ ಒಯ್ದರೆ ಹಲ್ಲು ಕಿರಿಯಿತು. "ಉಣ್ಣಕ್ಕೆ ಕುಂತಾಗ ಮಾತ್ರ ಅಂಗೆ ಕಣ್ರೀ, ಮಿಕ್ಕಂಗೆ ದೇವ್ರಂಥದು" ಎಂದರು. ಉಣ್ಣಲು ಕೂತಾಗ ಕಾಣುವ ಗುಣವೇ ಗುಣ. ಬೇಡ.

ಹೆಗ್ಗಡದೇವನಕೋಟೆಯ ಕಂಟ್ರಾಕ್ಟರರ ಅಲ್ಸೇಷಿಯನ್. ಬುದ್ಧಿವಂತ ಪ್ರಾಣಿ, ಒಪ್ಪಿದೆ. ಆದರೆ ದಿನಾ ನಾಲ್ಕು ಮೈಲಿ ಓಡಿಸಬೇಕಂತೆ. ಇವರು ಓಡಿಸದೆ ಎರಡು ವರ್ಷ ಸರಪಳಿಯಲ್ಲಿ ಕಟ್ಟಿ, ಈಗ "ಯಾಕೋ ಸಿಟ್ಟು ಜಾಸ್ತಿ" ಅನ್ನುತ್ತಾರೆ. ಕಟ್ಟಿ ಹಾಕಿದರೆ ಕಂಟ್ರಾಕ್ಟರರಿಗೂ ಬರುತ್ತದೆ ಸಿಟ್ಟು.

ಮೈಸೂರಿನ ವಕೀಲರ ಡಾಬರ್‌ಮನ್. ಬಾಲ ಕತ್ತರಿಸಿದ್ದಾರೆ. ಬಾಲವೇ ಇಲ್ಲದ ನಾಯಿಯ ಮನಸ್ಸು ಮಗುವಿಗೆ ತಿಳಿಯುವುದು ಹೇಗೆ? ಬಾಗಿಲು ಮುಚ್ಚಿದ ಅಂಗಡಿಗೆ ಹೋಗಿ ದರ ಕೇಳಿದಂತೆ. ಬೇಡವೇ ಬೇಡ.

ಬರುವಾಗ ಟೈಲರ್ ಮಹದೇವಪ್ಪ ಹೊಲಿಗೆ ಯಂತ್ರ ನಿಲ್ಲಿಸಿ, "ಅಂಕಯ್ನೋರೇ, ಜಿಲ್ಲೆಯೆಲ್ಲಾ ಸುತ್ತೋದ್ಯಾಕೆ? ನಮ್ಮ ಬೀದೀದೇ ಒಂದು ಮರಿ ಹಿಡ್ಕೊಡ್ತೀನಿ ಬುಡಿ" ಎಂದ. "ಮೊದ್ಲು ನನ್ನ ಅಂಗಿ ತೋಳು ಎರಡೂ ಒಂದೇ ಉದ್ದಕ್ಕೆ ಹೊಲಿಯೋದ ಕಲಿ ಮಾದೇವಪ್ಪ, ಆಮೇಲೆ ನಾಯಿ ಹಿಡಿಯೂವಂತೆ" ಎಂದು ಬಂದೆ.

ಮನೆಯಲ್ಲಿ ಹೆಂಡತಿ ಚಿಕ್ಕಬೀರಮ್ಮನಿಗೆ ಎಲ್ಲ ವಿವರಿಸಿದೆ. ಸುಮ್ಮಸುಮ್ಮನೆ ಕೂಗಬಾರದು, ಉಣ್ಣುವಾಗ ಗುರುಗುಟ್ಟಬಾರದು, ಮಕ್ಕಳು ಮೈಮೇಲೆ ಬಿದ್ದರೂ ತಾಳ್ಮೆ ಇರಬೇಕು, ಬಂದವರ ಮೇಲೆಲ್ಲ ಹಾರಬಾರದು, ಅಂಥದ್ದೊಂದು ಬೇಕು ಎಂದೆ. ಅವಳು ಅವರೆಕಾಯಿ ಸುಲಿಯುತ್ತಿದ್ದವಳು, "ಅಂಥಾದು ಎಲ್ಲಾರ ಸಿಕ್ಕೋ ಅಂಗಿದ್ದಿದ್ರೆ ನಲವತ್ತು ವರ್ಷದ ಹಿಂದೆ ನಾನೇ ಒಂದ ಆರಿಸ್ಕತಿದ್ದೆ ಕಣ್ರೀ" ಎಂದಳು. ಪವಿತ್ರಾ ಒಳಗೆ ನಕ್ಕಿದ್ದು ಕೇಳಿಸಿತು. ಇವರ ಮಾತಿಗೆಲ್ಲ ಅರ್ಥ ಹುಡುಕುತ್ತ ಕೂರಲು ನನಗೆ ಪುರುಸೊತ್ತಿಲ್ಲ.

೮ ಮಾರ್ಚ್, ಭಾನುವಾರ

ಪಿರಿಯಾಪಟ್ಟಣದಲ್ಲಿ ನೆಲೆ ನಿಂತ ಕೊಡಗಿನ ಸುಬೇದಾರ್ ಮೊಣ್ಣಪ್ಪ ಎಂಬವರ ಮನೆಯಲ್ಲಿ ಲ್ಯಾಬ್ರಡಾರ್ ಮರಿಗಳಿವೆ ಎಂದು ತಿಳಿದು ಹೋದೆ. ತಾಯಿನಾಯಿ ಅಂಗಳದಲ್ಲಿ ಮಲಗಿತ್ತು. ಆಳುಗಳ ಮಕ್ಕಳಿಬ್ಬರು ಅದರ ಕಿವಿ ಮಡಿಸಿ ಆಡುತ್ತಿದ್ದರು. ನಾಯಿ ಆಕಳಿಸಿತು. ಡಾಕ್ಟರಮ್ಮ ಹೇಳಿದ್ದು ಸರಿಯೇ ಇರಬಹುದು. ಹಾಗಂತ ಅವರೆದುರು ಹೇಳಬೇಕಾಗಿಲ್ಲ.

ಆಮೇಲೆ ಶುರುವಾಯಿತು ಸುಬೇದಾರರ ಪಾಟೀಸವಾಲು. "ಮನೆಯಲ್ಲಿ ಎಷ್ಟು ಜನ ಉಂಟು? ಹಗಲು ಮರಿಯ ಹತ್ತಿರ ಯಾರು ಇರುವುದು? ಮಕ್ಕಳಿಗೆ ಎಷ್ಟು ಪ್ರಾಯ? ಮನೆಯಲ್ಲಿ ಜೋರು ದನಿ ಯಾರದ್ದು?" ಹೆಣ್ಣು ಕೊಡುವವರು ಕೂಡ ಇಷ್ಟು ಕೇಳುವುದಿಲ್ಲ. ನನ್ನ ಹೆಂಡತಿಯ ಅಪ್ಪ ನನ್ನನ್ನು ಕೇಳಿದ್ದು ಒಂದೇ: ಎಷ್ಟು ಕುರಿ? ಜೋರು ದನಿ ಯಾರದ್ದೂ ಇಲ್ಲ ಎಂದೆ.

"ಮಗುವನ್ನು ಯಾಕೆ ಕರೆತರಲಿಲ್ಲ?"

"ಅವ್ಳಿಗೆ ಏನ್ ಗೊತ್ತಾಯ್ತದೆ ಸ್ವಾಮಿ? ಹೆದರ್ಕತಾಳೆ."

"ನೀವು ಆರಿಸಿದರೆ ಅದು ನಿಮ್ಮ ನಾಯಿ ಆಗುತ್ತದಲ್ಲ?" ಎಂದರು. ಮಿಲಿಟರಿಯವರಿಗೆ ಪಿಂಚಣಿ ಬಂದ ಮೇಲೂ ಹುಕುಂ ಕೊಡುವುದು ಹೋಗುವುದಿಲ್ಲ. ನಾನು ನಮ್ಮಪ್ಪನ ರೀತಿಯಲ್ಲೇ ಆರಿಸಿದೆ. ಒಂದೊಂದೇ ಮರಿಯನ್ನು ಅಂಗಾತ ಮಲಗಿಸಿ ಎದೆ ಮೇಲೆ ಕೈ ಇಟ್ಟೆ. ಬಹಳ ಒದ್ದಾಡುವುದು ಬೇಡ, ಸತ್ತಂತೆ ಬೀಳುವುದೂ ಬೇಡ. ಸ್ವಲ್ಪ ಒದ್ದಾಡಿ, ಆಮೇಲೆ ಕೈ ನೆಕ್ಕಿದ ಕಂದು ಗಂಡು ಮರಿಯನ್ನು ಗುರುತು ಮಾಡಿದೆ. ಸುಬೇದಾರರು, "ಆರಿಸಲಿಕ್ಕೆ ಬರುತ್ತದೆ ನಿಮಗೆ" ಎಂದು ಒಪ್ಪಿದರು. ಅದೊಂದು ಮಾತನ್ನು ನಮ್ಮ ಮನೆಯವರು ಕೇಳಬೇಕಿತ್ತು.

೧೫ ಮಾರ್ಚ್, ಭಾನುವಾರ

ಮರಿ ಬಂತು. ಬಂದ ಹತ್ತು ನಿಮಿಷಕ್ಕೇ ಜಗಳ.

ನಮ್ಮಪ್ಪನದೊಂದು ಕಟ್ಟು ಇತ್ತು. ಹೊಸ ನಾಯಿಮರಿಯನ್ನು ನಲವತ್ತು ದಿನ ಕುರಿಮರಿಗಳ ಜೊತೆ ರೊಪ್ಪದೊಳಗೇ ಬಿಡುತ್ತಿದ್ದ. ಕುರಿ ಕಾಯುವವನ ಕೈ ಬಿಟ್ಟರೆ ಬೇರೊಂದು ಕೈ ಅದಕ್ಕೆ ಸೋಕಕೂಡದು. ಮಕ್ಕಳಂತೂ ಹತ್ತಿರ ಸುಳಿಯಕೂಡದು; ಮಕ್ಕಳು ಆಡಿಸಿದ ನಾಯಿ ಮಂದೆಗೆ ಆಗದು ಅನ್ನುತ್ತಿದ್ದ. ನಲವತ್ತು ದಿನ ಕಳೆಯುವ ತನಕ ಹೆಸರೂ ಇಲ್ಲ. ಹಾಗೆ ಬೆಳೆದ ನಾಯಿ ಆಮೇಲೆ ಮಂದೆಗಾಗಿ ಪ್ರಾಣ ಕೊಡುತ್ತಿತ್ತು. ಸುಬೇದಾರರ ಜಾತಿನಾಯಿಗೆ ನಮ್ಮಪ್ಪನ ಸಾಕಣೆ ಸೇರಿದರೆ ಅದಕ್ಕಿಂತ ಬೇಕೇ? ಅಂಗಡಿಯ ಒಳಕೋಣೆಯಲ್ಲಿ ಚೀಲ ಹಾಸಿ ಬಿಟ್ಟಿದ್ದೇನೆ. ಹಾಲು, ಅನ್ನ ಎಲ್ಲ ನನ್ನ ಕೈಯಿಂದಲೇ.

"ಮಕ್ಕಳಿಗೆ ಅಂತ ತಂದು ಮಕ್ಕಳೇ ಮುಟ್ಟಬಾರ್ದು ಅಂದ್ರೆ ಎಂಗೆ ಮಾವ?" ಎಂದಳು ಪವಿತ್ರಾ. ಮೊಮ್ಮಗ ಶರತ್, ಹತ್ತು ವರ್ಷದವನು, ಆಗಲೇ ಕೋಣೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಗದರಿಸಿ ಎಬ್ಬಿಸಿದೆ. ಪುಟ್ಟಿ ಅಡುಗೆಮನೆ ಕಿಟಕಿಯಿಂದಲೇ, "ತಾತ, ಅದ್ರವ್ವ ಎಲ್ಲಿ?" ಎಂದು ಕೇಳಿದಳು. ಪಿರಿಯಾಪಟ್ಟಣದಲ್ಲಿ ಎಂದೆ. "ಮತ್ತೆ ಇದ್ಯಾಕೆ ಇಲ್ಲಿ?" ಅಂತೆ. ಅವ್ವನನ್ನು ಬಿಟ್ಟು ಮಿರ್ಲೆಗೆ ಹೋಗಬೇಕಾದವಳು ಕೇಳುವ ಪ್ರಶ್ನೆ ನೋಡು.

೨೮ ಮಾರ್ಚ್, ಶನಿವಾರ, ಯುಗಾದಿ

ಎಣ್ಣೆನೀರು ಹಾಕಿಕೊಂಡು ಬರುವಷ್ಟರಲ್ಲಿ ಪುಟ್ಟಿ ಒಳಕೋಣೆಯ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದಳು. ಒಳಗೆ ಮರಿ ಕುಂಯ್‌ಗುಟ್ಟುತ್ತಿತ್ತು. ಇನ್ನೂ ಹದಿಮೂರನೇ ದಿನ, ಕಟ್ಟು ಮುರಿಯುತ್ತದೆಂದು ಕೂಗಿದೆ. ಪುಟ್ಟಿ ಓಡಿಹೋಗಿ ಚೀಲದ ಅಟ್ಟಿಯ ಹಿಂದೆ ಸೇರಿದಳು. ಬಾಗಿಲು ತೆರೆದರೆ ಮರಿಯೂ ಚೀಲದಡಿ ಸೇರಿತ್ತು. ಹಬ್ಬದ ದಿನ ಹೋಳಿಗೆ ಬಡಿಸುವಾಗ ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ನಾನು ಮಾಡುತ್ತಿರುವುದೆಲ್ಲ ಯಾರಿಗಾಗಿ?

೧೦ ಏಪ್ರಿಲ್, ಶುಕ್ರವಾರ

ಮರಿ ಭೇಷ್ ಆಗಿದೆ. ನನ್ನ ಕಾಲಸಪ್ಪಳಕ್ಕೇ ಬಾಲ ಅಲ್ಲಾಡಿಸುತ್ತದೆ. ಬೇರೆ ಯಾರ ಸಪ್ಪಳ ಕೇಳಿದರೂ ಗುರ್ ಅನ್ನುತ್ತದೆ. ಬಿಳಿಕೆರೆಯ ಗಿರಾಕಿ ಒಬ್ಬರು ಹುರಿ ತೂಗಿಸಿಕೊಳ್ಳುತ್ತಿದ್ದವರು ಮರಿ ಬೊಗಳಿದ ಭರಕ್ಕೆ ಚೀಲ ಕೆಡವಿ, "ಇದೇನ್ ಅಂಕಯ್ನೋರೇ, ನೀವು ಬೈಯೋದು ಸಾಲ್ದು ಅಂತ ಇದೂನೂ ಇಕ್ಕಂಡ್ರಾ?" ಎಂದರು. ನಕ್ಕು ಕಳಿಸಿದೆ. ಹೋದವರು ಎದುರಂಗಡಿಯಲ್ಲಿ ಹುರಿ ಕೊಂಡದ್ದನ್ನು ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.

೨೪ ಏಪ್ರಿಲ್, ಶುಕ್ರವಾರ

ನಲವತ್ತು ದಿನ ತುಂಬಿತು. ಬೆಳಿಗ್ಗೆ ನಾಯಿಗೆ ಕುಂಕುಮ ಇಟ್ಟು, ಹಿತ್ತಿಲಿಗೆ ತಂದು, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದೆ. "ಇವ್ರು ನಿನ್ನ ಮಂದಿ, ನೋಡ್ಕಳ್ಳಲಾ" ಎಂದೆ. ಶರತ್ ಕುಣಿಯುತ್ತ ಬಂದು ತಲೆ ಸವರಲು ಕೈ ಚಾಚಿದ.

ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹಲ್ಲು ಇಳಿದಿವೆ.

ಪುಟ್ಟಿ ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡಿದಳು. ಅಳಲಿಲ್ಲ. ಕಿಟಕಿಯ ಬಾಗಿಲು ಎಳೆದುಕೊಂಡಳು. ಪವಿತ್ರಾ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತ, ಮೆಟ್ಟಿಲ ಮೇಲೆ ನಿಂತು, "ಇದ್ಕೂ ಯಾರದೋ ತಪ್ಪು ಅಂತ ಬರ್ಕಂಬುಡಿ ಮಾವ" ಎಂದಳು. ಈ ಪುಸ್ತಕವನ್ನು ಬೀರುವಿನಲ್ಲಿ ಇಡುವುದೇ ವಾಸಿ.

೨೬ ಏಪ್ರಿಲ್, ಭಾನುವಾರ

ಪಿರಿಯಾಪಟ್ಟಣಕ್ಕೆ ಹೋಗಿ ಸುಬೇದಾರರಿಗೆ ಮುಖಕ್ಕೆ ಹೇಳಿದೆ. ಸಾಧು ಜಾತಿ ಅಂತ ನಂಬಿ ತಂದೆ, ನಮ್ಮ ಹುಡುಗನ ಕೈ ಹರಿದಿದೆ, ನಿಮ್ಮ ಮಿಲಿಟರಿಯಲ್ಲಿ ಇದಕ್ಕೇ ಸಾಧು ಅನ್ನುತ್ತಾರೆಯೇ ಎಂದೆ. ಅವರು ಅಂಗಳದ ಕಡೆ ಕೈ ತೋರಿಸಿದರು. ಅದೇ ಸೂಲಿನ ಇನ್ನೊಂದು ಮರಿ, ನಮ್ಮದರ ಪಡಿಯಚ್ಚು. ಎರಡು ವರ್ಷದ ಕೂಸೊಂದು ಅದರ ಬಾಯಿಗೆ ಕೈ ಹಾಕಿ ರೊಟ್ಟಿ ಎಳೆಯುತ್ತಿತ್ತು. ನಾಯಿ ಬಾಯಿ ಬಿಟ್ಟುಕೊಂಡು ಕೂತಿತ್ತು.

"ನಾನು ಕೊಟ್ಟ ಮರಿಗೆ ಕಚ್ಚಲಿಕ್ಕೆ ಬರುತ್ತಿರಲಿಲ್ಲ. ಕಲಿತದ್ದು ನಿಮ್ಮ ಮನೆಯಲ್ಲಿ. ಬೇಡದಿದ್ದರೆ ತಂದು ಬಿಡಿ, ನನಗೆ ಭಾರ ಇಲ್ಲ."

ತಂದು ಬಿಡುತ್ತೇನೆ ಅನ್ನಲು ಬಾಯಿ ಬರಲಿಲ್ಲ. ನನ್ನ ನಾಯಿಯನ್ನು ಬೇರೆಯವರು ಬೈದರೆ ನನಗೆ ಆಗುವುದಿಲ್ಲ.

೩ ಮೇ, ಭಾನುವಾರ

ಪವಿತ್ರಾ ಅಟ್ಟದಿಂದ ಟ್ರಂಕು ಇಳಿಸಿ ಪುಟ್ಟಿಯ ಲಂಗಗಳನ್ನು ಮಡಿಸಿ ಇಡುತ್ತಿದ್ದಾಳೆ. ಜೂನ್ ಬರಲು ಇನ್ನೂ ನಾಲ್ಕು ವಾರವಿದೆಯಲ್ಲ ಎಂದೆ. "ಕಾಯಕ್ಕೆ ಏನದೆ ಮಾವ?" ಎಂದಳು. ಪುಟ್ಟಿಯ ಸ್ಲೇಟನ್ನೂ ಅದರಲ್ಲೇ ಇಟ್ಟಳು.

೫ ಮೇ, ಮಂಗಳವಾರ

ಅಣ್ಣ ಸಣ್ಣಬೀರಯ್ಯ ಇನ್ನೂ ಕುರಿ ಬಿಟ್ಟಿಲ್ಲ. ಈಗ ಬಿಳಿಕೆರೆ ಹತ್ತಿರ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದಾನೆ. ಬಸ್ಸು ಹತ್ತಿ ಹೋದೆ. ಅಪ್ಪನ ಕಟ್ಟು ತಪ್ಪದೆ ಮಾಡಿದೆ, ಆದರೂ ನಾಯಿ ಹೀಗಾಯಿತಲ್ಲ, ಜಾತಿಯಲ್ಲೇ ದೋಷ ಎಂದೆ. ಅಣ್ಣ ಕಡ್ಡಿಯಲ್ಲಿ ಹಲ್ಲು ಕೆದಕುತ್ತ ಕೇಳಿದ.

"ರೊಪ್ಪದಲ್ಲಿ ಕುರಿ ಎಷ್ಟಿದ್ದೋ?"

"ಅಂಗ್ಡೀಲಿ ಕುರಿ ಎಲ್ಲಿಂದ ತರಾದು ಅಣ್ಣ?"

"ಅದ್ರ ಜೊತೇಲಿ ನಲವತ್ತು ದಿನ ಯಾರಿದ್ರು?"

"ನಾನೇ."

ಅಣ್ಣ ನಗಲು ಶುರು ಮಾಡಿದ. ಎಪ್ಪತ್ತು ವರ್ಷದ ಮುದುಕ ಕಣ್ಣೀರು ಬರುವ ಹಾಗೆ ನಕ್ಕ. "ಲೇ ಅಂಕ, ಅಂಗಾದ್ರೆ ಅದ್ರ ಪಾಲಿಗೆ ನೀನೇ ಕುರಿ ಕಣ್ಲಾ! ಅದು ನಿನ್ನ ಕಾಯ್ತಾ ಅದೆ. ನಿನ್ನ ಮೊಮ್ಮಕ್ಕಳು ಅದ್ಕೆ ತೋಳ. ನಾಯಿ ಚೆನ್ನಾಗೇ ಕಲ್ತದೆ, ಕಲಿಸ್ದೋನು ಪೆದ್ದ."

ಕೈ ಹಿಡಿದು ಬೆಳೆಸಿದ ಅಣ್ಣ ಅಂತ ಎದ್ದು ಹೊರಡದೆ ಕೂತೆ. ಆಮೇಲೆ ಅವನೇ ದಾರಿ ಹೇಳಿದ. ಮಂದೆ ಬಿಟ್ಟು ಒಬ್ಬ ಮನುಷ್ಯನ ಬೆನ್ನು ಹತ್ತಿದ ನಾಯಿಗೆ ಹಿಂದೆಯೂ ಒಂದೇ ಮದ್ದು: ಆ ಮನುಷ್ಯ ಒಂಬತ್ತು ದಿನ ಊರು ಬಿಡಬೇಕು. ಕಣ್ಣಿಗೆ ಬೀಳಬಾರದು, ದನಿ ಕೇಳಿಸಬಾರದು. ಹಸಿದ ನಾಯಿ ಉಣ್ಣಿಸುವ ಹೊಸ ಕೈ ಹುಡುಕಿಕೊಳ್ಳುತ್ತದೆ. "ಇಲ್ಲೇ ಬಾ, ಕುರಿ ಕಾಯಕ್ಕೆ ಒಬ್ಬ ಆಳೂ ಆಯ್ತಾನೆ" ಎಂದ.

ನನ್ನ ಅಂಗಡಿ, ನನ್ನ ಮನೆ, ನನ್ನ ನಾಯಿ. ಊರು ಬಿಡಬೇಕಾದವನು ನಾನು!

೬ ಮೇ, ಬುಧವಾರ. ಬಿಳಿಕೆರೆ

ಬಂದಿದ್ದೇನೆ. ಅಂಗಡಿಯ ಬೀಗದ ಕೈ ಚಿಕ್ಕಬೀರಮ್ಮನ ಸೊಂಟದಲ್ಲಿದೆ. ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿ, ತಟ್ಟೆ ದೂರದಿಂದ ತಳ್ಳು ಎಂದು ಶರತ್‌ಗೆ ಹೇಳಿದ್ದೇನೆ. "ಒಂಬತ್ತು ದಿನಾನಾ?" ಎಂದು ಹೆಂಡತಿ ಕೇಳಿದ ದನಿಯಲ್ಲಿ ದುಃಖವಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ.

ಇಲ್ಲಿಯೂ ಸುಖವಿಲ್ಲ. ತೋಟದ ಕಡೆ ನುಗ್ಗಿದ ಟಗರಿಗೆ ಒಂದು ಕೂಗು ಹಾಕಿದೆ, ಇಡೀ ಮಂದೆ ಚೆಲ್ಲಾಪಿಲ್ಲಿ ಓಡಿತು. "ಇಲ್ಲಿ ಕೂಗಂಗಿಲ್ಲ ಕಣ್ಲಾ" ಎಂದ ಅಣ್ಣ. ಅವನು ನಾಲಿಗೆ ಅಂಗುಳಕ್ಕೆ ತಾಗಿಸಿ ಸಣ್ಣಗೆ ಸದ್ದು ಮಾಡಿದರೆ ಇನ್ನೂರು ಕುರಿ ತಿರುಗುತ್ತವೆ. ನಾನು ಮಾಡಿದರೆ ಒಂದೂ ತಿರುಗಲಿಲ್ಲ.

೯ ಮೇ, ಶನಿವಾರ

ಕೂಗಲಿಲ್ಲ. ಕೂಗಲು ಯಾರೂ ಇಲ್ಲ.

೧೧ ಮೇ, ಸೋಮವಾರ

ರಸ್ತೆ ಬದಿಗೇ ಹೊಲ. ಹುಣಸೂರಿನ ಬಸ್ಸುಗಳು ಕಣ್ಣೆದುರೇ ಹೋಗುತ್ತವೆ. ಕೈ ಅಡ್ಡ ಹಾಕಿದರೆ ಅರ್ಧ ಗಂಟೆಯಲ್ಲಿ ಮನೆ. ಒಂದಕ್ಕೆ ಅಡ್ಡ ಹಾಕಿಯೂ ಬಿಟ್ಟೆ. ಕಂಡಕ್ಟರು ಬಾಗಿಲು ತೆಗೆದ. ಇಲ್ಲ ಹೋಗಿ ಎಂದೆ. ಅವನು ಬೈದ. ನಾನು ತಿರುಗಿ ಬೈಯಲಿಲ್ಲ, ಕುರಿ ಹತ್ತಿರದಲ್ಲಿದ್ದವು.

ಸಂಜೆ ಅಣ್ಣ, "ಆ ಬೀದಿನಾಯಿ ನಮ್ಮ ಕೂಸ್ನ ಯಾಕ್ ಕಚ್ತು?" ಎಂದ.

"ನಾಯಿ ಕಣಣ್ಣ, ಕಚ್ತದೆ."

"ನಾಯಿ ಸುಮ್ಕೆ ಕಚ್ಚಾಕಿಲ್ಲ. ಅರವತ್ತು ವರ್ಷದಿಂದ ನೋಡಿವ್ನಿ."

ಬೇರೆ ಮಾತು ತೆಗೆದೆ. ಆದರೆ ಬರೆಯದೆ ಬಿಟ್ಟಮಾತ್ರಕ್ಕೆ ನಡೆದದ್ದು ನಡೆಯದೆ ಹೋಗುವುದಿಲ್ಲ. ಅವತ್ತು ಆ ನಾಯಿ ಅಂಗಡಿ ಮುಂದೆ ಹೊಸ ಚೀಲದ ಕಟ್ಟಿನ ಮೇಲೆ ಮಲಗಿತ್ತು. ನಿದ್ದೆಯಲ್ಲಿತ್ತು. ನಾನು ಕೂಗಿದೆ, ಕೈಗೆ ಸಿಕ್ಕ ಅರ್ಧ ಕೆ.ಜಿ. ತೂಕದ ಬಟ್ಟನ್ನು ಎಸೆದೆ. ಸೊಂಟಕ್ಕೆ ಬಿತ್ತು. ಕಣ್ಣು ಕಾಣದೆ ಓಡಿದ ನಾಯಿಗೆ ಎದುರಾದವಳು ಶಾಲೆಯಿಂದ ಬರುತ್ತಿದ್ದ ಪುಟ್ಟಿ. ಅವಳು ಎಲ್ಲ ನೋಡಿದಳು. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ತನ್ನ ಅವ್ವನಿಗೂ.

ಇದನ್ನು ಬರೆಸಿದ ಅಣ್ಣನ ಮೇಲೆ ಸಿಟ್ಟು ಬರುತ್ತಿದೆ.

೧೫ ಮೇ, ಶುಕ್ರವಾರ. ಹುಣಸೂರು

ಮಾನ ಮರ್ಯಾದೆ ಅಂತ ಒಂದಿರುತ್ತದೆ. ಬಸ್ಸಿಳಿದು, ಬಿಸಿಲಲ್ಲಿ ನಡೆದು, ನಮ್ಮ ಬೀದಿಗೆ ಬಂದೆ. ಮಹದೇವಪ್ಪನ ಅಂಗಡಿಯ ಮುಂದೆ ಕಾಲಿಡುತ್ತಿದ್ದಂತೆ ನಮ್ಮ ಜಗಲಿಯ ಮೇಲಿಂದ ಕಂದು ನಾಯಿ ಹಾರಿ ಬಂತು. ಕಟ್ಟಿರಲಿಲ್ಲ. ನಡುರಸ್ತೆಯಲ್ಲಿ ನಿಂತು ನನ್ನ ಮೇಲೆ ಬೊಗಳಿತು. ನನ್ನ ಮೇಲೆ! ನಲವತ್ತು ದಿನ ನನ್ನ ಕೈತುತ್ತು ತಿಂದದ್ದು! ಮೈಗೆಲ್ಲ ಕುರಿಯ ವಾಸನೆ ಹತ್ತಿತ್ತು, ಒಂಬತ್ತು ದಿನದ ಗಡ್ಡವಿತ್ತು, ಹೌದು. ಆದರೂ ಕೃತಜ್ಞತೆ ಬೇಡವೆ?

"ಗುರ್ತು ಸಿಗ್ತಿಲ್ಲ ಅಂತ ಕಾಣ್ತದೆ ಅಂಕಯ್ನೋರೇ, ಚೀಟಿ ಬರ್ಕೊಡ್ಲಾ?" ಎಂದ ಮಹದೇವಪ್ಪ.

ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಮನೆಯ ಹೊಸಿಲ ಮೇಲೆ ಪುಟ್ಟಿ ಕಂಡಳು. ಹೊಸಿಲು ದಾಟಿದಳು. ಜಗಲಿ ಇಳಿದಳು. ಬರಿಗಾಲಲ್ಲಿ, ಸುಡುವ ರಸ್ತೆಯ ಮೇಲೆ, ಎರಡೂ ಕಡೆ ನೋಡಿಕೊಂಡು, ನಾಯಿಯ ಹತ್ತಿರ ಬಂದು ಅದರ ಕುತ್ತಿಗೆಯ ಹಗ್ಗ ಹಿಡಿದಳು.

"ತಾತ, ಕೂಗ್ಬ್ಯಾಡ" ಎಂದಳು ನನಗೆ.

ನಾನು ಇನ್ನೂ ಕೂಗಿರಲಿಲ್ಲ.

"ಕೈ ಕೆಳ್ಗೆ ಬುಡು. ಬೆರಳು ಮಡಿಸ್ಬ್ಯಾಡ. ಅದು ಮೂಸ್ಲಿ. ಅಲ್ಲೀಗಂಟ ಅಲ್ಲಾಡ್ಬ್ಯಾಡ."

ಬೀದಿಯವರೆಲ್ಲ ನೋಡುತ್ತಿದ್ದಾರೆ. ಟೈಲರು ಯಂತ್ರ ನಿಲ್ಲಿಸಿದ್ದಾನೆ. ಅರವತ್ತೆರಡು ವರ್ಷದವನು, ಮೂರು ತಾಲ್ಲೂಕಿಗೆ ಚೀಲ ಕೊಡುವವನು, ನೆತ್ತಿಯ ಮೇಲೆ ಬಿಸಿಲು ಹೊತ್ತು, ಎರಡೂ ಕೈ ಇಳಿಬಿಟ್ಟು ನಡುರಸ್ತೆಯಲ್ಲಿ ನಿಂತೆ. ನಾಯಿ ಬಂದು ಬೆರಳು ಮೂಸಿತು, ಮೊಣಕಾಲು ಮೂಸಿತು, ಪಂಚೆಯ ಅಂಚು ಮೂಸಿತು. ಅವಸರವೇ ಇಲ್ಲ. ಕುರಿ ಕೊಳ್ಳುವವರು ಕೂಡ ಇಷ್ಟು ನೋಡುವುದಿಲ್ಲ. ಕೊನೆಗೆ ಬಾಲ ಒಂದು ಸಲ, ಒಂದೇ ಸಲ, ಅಲ್ಲಾಡಿಸಿತು.

"ಈಗ ಬಾ" ಎಂದಳು ಪುಟ್ಟಿ.

ಚಿಕ್ಕಬೀರಮ್ಮ ಆಮೇಲೆ ಹೇಳಿದಳು. ನಾನು ಹೋದ ಮೊದಲೆರಡು ದಿನ ನಾಯಿ ಒಂದು ಅಗುಳೂ ಮುಟ್ಟದೆ ಅತ್ತಿತಂತೆ. ಶರತ್ ತಳ್ಳಿದ ತಟ್ಟೆಗೆ ಗುರ್ ಅಂದಿತಂತೆ. ಮೂರನೇ ದಿನ ಪುಟ್ಟಿ, ಅದರ ಅಳು ತಡೆಯಲಾರದೆ, ಅಡುಗೆಮನೆಯಿಂದ ತಾನೇ ಇಳಿದುಹೋಗಿ ನಾಲ್ಕು ಮಾರು ದೂರದಲ್ಲಿ ಬೆನ್ನು ತಿರುಗಿಸಿಕೊಂಡು ಕೂತಳಂತೆ. ಮಾತಿಲ್ಲ, ಕತೆಯಿಲ್ಲ. ಮಧ್ಯಾಹ್ನದಿಂದ ಸಂಜೆವರೆಗೂ ಕೂತಿದ್ದಳಂತೆ. ಆಮೇಲೆ ದಿನವೂ ಅವಳು ಇಟ್ಟ ತಟ್ಟೆಯಲ್ಲೇ ಉಂಡಿತಂತೆ. "ಎರಡಕ್ಕೂ ಒಂದೇ ಭಯ ಅಲ್ವಾ? ಅವೆರಡೇ ಮಾತಾಡ್ಕಂಡ್ವು" ಎಂದಳು ಹೆಂಡತಿ. ಯಾವುದರ ಭಯ ಎಂದು ನಾನು ಕೇಳಲಿಲ್ಲ.

ಯಾರೂ ನನಗೆ ಊಟ ಬೇಕೆ ಎಂದು ಕೇಳಲಿಲ್ಲ. ಕೇಳಿದರು, ನಾಯಿಗೆ ಹಾಕಿದ ಮೇಲೆ.

೧ ಜೂನ್, ಸೋಮವಾರ

ಪುಟ್ಟಿ ಶಾಲೆಗೆ ಹೋದಳು. ಟ್ರಂಕು ರಾತ್ರಿಯೇ ಅಟ್ಟ ಹತ್ತಿದೆ. ಜೊತೆಗೆ ನಾಯಿ ಹೋಯಿತು, ಶರತ್ ಹೋದ. ನಾನೂ ಬರುತ್ತೇನೆ ಎಂದರೆ ಪುಟ್ಟಿ ಬಹಳ ಯೋಚನೆ ಮಾಡಿ, "ಹಿಂದ್ಗಡೆ ಬಾ ತಾತ. ದೂರದಲ್ಲಿ. ಮಾತಾಡ್ದಂಗೆ" ಎಂದಳು. ಶಾಲೆಗೆ ಸೇರಿಸಿದವನು ನಾನು, ಸ್ಲೇಟು ತಂದವನು ನಾನು, ನನಗೆ ಷರತ್ತು!

ಮೂವತ್ತು ಮಾರು ಹಿಂದೆ ನಡೆದೆ. ಕೋಳಿ ಅಂಗಡಿಯ ಹತ್ತಿರ ಎರಡು ಬೀದಿನಾಯಿ ಎದ್ದು ನಿಂತವು. ಪುಟ್ಟಿಯೂ ನಿಂತಳು. ನನ್ನ ಕೈಗಳನ್ನು ನಾನೇ ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಹಗ್ಗ ಸಡಿಲ ಬಿಟ್ಟು ಕಾದಳು. ನಾಯಿಗಳು ಒಂದನ್ನೊಂದು ಮೂಸಿ ಮುಗಿಸಿದವು. ಮತ್ತೆ ನಡೆದರು.

ಚಹಾದಂಗಡಿಯಿಂದ ಬನ್ನು ಹಿಡಿದು ಬರುತ್ತಿದ್ದ ಮಹದೇವಪ್ಪ ಎದುರಾಗಿ, "ಏನ್ ಅಂಕಯ್ನೋರೇ, ಮೊಮ್ಮಗ್ಳಿಗೆ ಒಂದ್ ನಾಯಿ ಮುಂದೆ, ಒಂದ್ ನಾಯಿ ಹಿಂದೆ?" ಎಂದ.

ಇದಕ್ಕೆ ಕೊಡಬಹುದಾದ ಉತ್ತರ ಏಳೆಂಟಾದರೂ ನಾಲಿಗೆಯ ತುದಿಗೆ ಬಂದವು, ಒಂದಕ್ಕಿಂತ ಒಂದು ಖಾರ. ಪುಟ್ಟಿ ಇನ್ನೂ ತಿರುವು ದಾಟಿರಲಿಲ್ಲ.